ಅಚ್ಚುಕಟ್ಟಾದ ಹೇಳಿಕೆ

ಜೂನ್ ೩, ಸೋಮವಾರ

ಕನ್ನಡಕದಂಗಡಿ ಹುಡುಗಿಯ ಅರ್ಜಿ ವಜಾ ಆಗಿದೆ. ಹನ್ನೊಂದು ಗಂಟೆಗೆ ಪರಿಹಾರ ಸಮಿತಿಯಿಂದ ಲಕೋಟೆ ಬಂತು, ನಾನೇ ಒಡೆದೆ. ನಾಲ್ಕು ಸಾಲಿನ ಆದೇಶ. ಅರ್ಜಿದಾರಳು ಘಟನೆ ನಡೆಯಿತೆಂದು ಹೇಳಿರುವ ಏಪ್ರಿಲ್ ಏಳರಂದು ವಸತಿ ಶಾಲೆಗೆ ರಜೆ ಇತ್ತು, ಮಕ್ಕಳೆಲ್ಲ ಮೂರು ದಿನ ಮುಂಚೆಯೇ ಮನೆಗೆ ಹೋಗಿದ್ದರು, ಹಾಜರಿ ಪುಸ್ತಕ ಪರಿಶೀಲಿಸಲಾಗಿದೆ, ಹೇಳಿಕೆ ನಂಬಲರ್ಹವಲ್ಲ. ಬೇಕಿದ್ದರೆ ಮೂವತ್ತು ದಿನದೊಳಗೆ ಮರುಪರಿಶೀಲನೆ ಕೇಳಬಹುದು.

ಹುಡುಗಿ ಎನ್ನುವುದು ನನ್ನ ಬಾಯಿಗೆ ಅಂಟಿದ ಮಾತು, ಅವಳಿಗೆ ಇಪ್ಪತ್ತೆಂಟು ವರ್ಷ. ಒಂಬತ್ತು ವರ್ಷದವಳಿದ್ದಾಗ ಆ ಶಾಲೆಯ ವಾರ್ಡನ್ ಅವಳಿಗೆ ಮಾಡಬಾರದ್ದನ್ನು ಮಾಡಿದ. ಅವನು ಸತ್ತು ಮಣ್ಣಾಗಿದ್ದಾನೆ, ಇನ್ನು ಅವನ ಮೇಲೆ ಕೇಸು ನಡೆಯುವಂತಿಲ್ಲ. ಉಳಿದಿರುವುದು ಶಾಲೆ. ಹೀಗಾಗಿದ್ದು ನಿಜ ಎಂದು ಶಾಲೆ ಒಪ್ಪಬೇಕು, ಪರಿಹಾರ ಕೊಡಬೇಕು, ಅಷ್ಟೇ ಅವಳು ಕೇಳಿದ್ದು. ಇಂಥವರಿಗೆ ಪುಕ್ಕಟೆ ಕಾನೂನು ನೆರವು ಕೊಡುವ ಎರಡು ಕೋಣೆಯ ಕಚೇರಿ ನಮ್ಮದು. ಒಳಗಿನ ಕೋಣೆ ವಕೀಲರದು, ಅಂದರೆ ಮೇಡಂದು. ಹೊರಗಿನದು ನನ್ನದು. ಬಂದವರ ಮಾತನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು ಹೇಳಿಕೆ ಟೈಪ್ ಮಾಡುವುದು ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ. ನನ್ನ ಕೈಯಿಂದ ಹೋದ ಒಂದು ಅರ್ಜಿಯೂ ಆಕ್ಷೇಪಣೆ ಬಿದ್ದು ವಾಪಸು ಬಂದಿಲ್ಲ. ನಿಮ್ಮ ಅರ್ಜಿ ಕಣ್ಣಿಗೊತ್ತಿಕೊಳ್ಳುವ ಹಾಗಿರುತ್ತೆ ಎಂದು ಸಮಿತಿಯ ಗುಮಾಸ್ತರೇ ಹೇಳುತ್ತಾರೆ.

ಮೇಡಂ ಆದೇಶ ಓದಿ, "ಅಮ್ಮ, ಈ ತಾರೀಖು ಅವಳೇ ಹೇಳಿದ್ದು ತಾನೆ?" ಎಂದು ಕೇಳಿದರು.

"ಹೂಂ" ಅಂದೆ.

ಇನ್ನೇನು ಹೇಳಲಿ. ನೂರಾರು ಹೇಳಿಕೆ ಟೈಪ್ ಮಾಡಿದವಳಿಗೆ ಒಂದೊಂದು ತಾರೀಖೂ ನೆನಪಿರುತ್ತದೆಯೇ. ಮನೆಗೆ ಬಂದರೆ ಅತ್ತೆಯದು ಬೇರೆ. ಊಟಕ್ಕೆ ಕೂತವರು ಹಿಂದೆ ಮನೆಗೆ ಕಳ್ಳ ನುಗ್ಗಿದ ಕಥೆ ತೆಗೆದರು. ಕಿಟಕಿಯಿಂದ ಬಂದ ಎಂದರು. ಹಿತ್ತಲ ಬಾಗಿಲಿನಿಂದ ಎಂದು ತಿದ್ದಿದೆ. ಬುಧವಾರ ಎಂದರು, ಶುಕ್ರವಾರ ಎಂದು ತಿದ್ದಿದೆ. ಆಮೇಲೆ ಅವರು ಸುಮ್ಮನೆ ಉಂಡು ಎದ್ದರು. ಎಂಬತ್ತಮೂರು ವರ್ಷ, ಜ್ಞಾಪಕ ಎಲ್ಲಿರುತ್ತದೆ.

ಜೂನ್ ೫, ಬುಧವಾರ

ನೆನಪಿದೆ. ಸೋಮವಾರವೂ ನೆನಪಿತ್ತು. ಈ ಪುಸ್ತಕವನ್ನು ನಾನಲ್ಲದೆ ಇನ್ನೊಬ್ಬರು ಓದುವುದಿಲ್ಲ, ಇದರ ಹತ್ತಿರವೂ ಸುಳ್ಳು ಹೇಳಿದರೆ ನನ್ನಂಥ ಮೂರ್ಖಳು ಇನ್ನೊಬ್ಬಳಿಲ್ಲ.

ಅವಳು ತಾರೀಖು ಹೇಳಿರಲೇ ಇಲ್ಲ. "ತಾರೀಖು ಗೊತ್ತಿಲ್ಲಮ್ಮ. ಪರೀಕ್ಷೆ ಮುಗಿದಿತ್ತು. ಗುರುವಾರ ಇರ್ಬೇಕು, ಗುರುವಾರ ನಮಗೆ ತಲೆಸ್ನಾನ, ಕೂದಲು ಒದ್ದೆ ಇತ್ತು" ಎಂದಿದ್ದಳು. ಉಯ್ಯಾಲೆಗೆ ಬಣ್ಣ ಬಳಿದಿದ್ದರು ಎಂದೂ ಏನೋ ಹೇಳಿದಳು. ಅರ್ಜಿಯ ನಮೂನೆಯಲ್ಲಿ ಒಂಬತ್ತನೆಯ ಕಾಲಂ: ಘಟನೆಯ ದಿನಾಂಕ. ಖಾಲಿ ಕಾಲಂ ಕಂಡರೆ ನನ್ನ ಕೈ ಕಡಿಯುತ್ತದೆ. 'ಗೊತ್ತಿಲ್ಲ' ಎಂದು ಬರೆದರೆ ಗುಮಾಸ್ತರು ವಾಪಸು ಕಳಿಸುತ್ತಾರೆ, ಅವಳು ಕೆಲಸ ಬಿಟ್ಟು ಇನ್ನೊಂದು ಸಲ ಬಂದು, ಹೇಳಿದ್ದನ್ನೇ ಇನ್ನೊಂದು ಸಲ ಹೇಳಬೇಕು. ಪರೀಕ್ಷೆ ಮಾರ್ಚ್ ಕೊನೆಗೆ ಮುಗಿದಿರುತ್ತದೆ ಎಂದು ಅಂದಾಜು ಮಾಡಿ, ಆ ವರ್ಷದ ಕ್ಯಾಲೆಂಡರ್ ಹುಡುಕಿ, ಏಪ್ರಿಲ್ ಮೊದಲ ಗುರುವಾರ ಹಾಕಿದೆ. ಏಪ್ರಿಲ್ ಏಳು. ಅವಳಿಗೆ ಉಪಕಾರ ಮಾಡಿದೆ ಎಂದುಕೊಂಡಿದ್ದೆ.

ಅಷ್ಟೇ ಆಗಿದ್ದರೆ ನಿದ್ದೆ ಬರುತ್ತಿತ್ತೇನೋ. ಸಹಿ ಹಾಕಲು ಬಂದ ದಿನ ಅವಳು ಆ ಸಾಲಿನ ಮೇಲೆ ಬೆರಳಿಟ್ಟು, "ಇದು ನಾನು ಹೇಳಿದ್ನಾ?" ಎಂದು ಕೇಳಿದ್ದಳು.

ನಾನು ಏನಂದೆ? "ಲೆಕ್ಕ ಹಾಕಿದ್ದೀನಿ ಕಣೆ, ಸರಿಯಾಗಿದೆ, ಸೈನ್ ಮಾಡು" ಅಂದೆ.

ಜೂನ್ ೬, ಗುರುವಾರ

ಬಂದಿದ್ದಳು. ವಜಾ ಆದದ್ದನ್ನು ಮೇಡಂ ನಿನ್ನೆಯೇ ಫೋನಿನಲ್ಲಿ ತಿಳಿಸಿದ್ದರು. ಅಂಗಡಿಯ ನೀಲಿ ಕೋಟು ಬಿಚ್ಚದೆ, ಊಟದ ಬಿಡುವಿನಲ್ಲಿ ಓಡಿಬಂದಿದ್ದಳು. ಮೇಡಂ ಕೋರ್ಟಿಗೆ ಹೋಗಿದ್ದರು. ಅಳುತ್ತಾಳೆ ಎಂದು ನಾನು ನೀರು ತಂದಿಟ್ಟೆ. ಅಳಲಿಲ್ಲ. ಆದೇಶದ ಪ್ರತಿಯನ್ನು ಎರಡು ಸಲ ಓದಿ ಮಡಚಿಟ್ಟಳು.

"ಅಮ್ಮ, ಅವತ್ತು ಶಾಲೇಲಿ ಯಾರೂ ಇರ್ಲಿಲ್ಲ ಅಂತಾರಲ್ಲ. ಹಾಗಾದ್ರೆ ನಂಗೆ ಯಾವತ್ತು ಆಯ್ತು?"

ನಾನು ಮೇಜಿನ ಮೇಲಿನ ಫೈಲುಗಳನ್ನು ಜೋಡಿಸಿದೆ. ಜೋಡಿಸಿಯೇ ಇದ್ದವು.

"ಆಗ್ಲೇ ಇಲ್ವೇನೋ ಅಂತ ನಿನ್ನೆಯಿಂದ ಅನ್ನಿಸ್ತಿದೆ. ನಮ್ಮಮ್ಮ ಮೊದಲಿಂದ್ಲೂ ಹೇಳ್ತಿದ್ಲು, ಕೆಟ್ಟ ಕನಸು ಕಂಡು ಅದನ್ನೇ ಹಿಡ್ಕೊಂಡಿದ್ದೀಯ ಅಂತ. ಹಾಜರಿ ಪುಸ್ತಕ ಸುಳ್ಳು ಹೇಳುತ್ತಾ?"

ಆಗಲೇ ಬಾಯಿ ಬಿಡಬೇಕಿತ್ತು. ನನ್ನ ನಾಲಿಗೆ ಏನು ಹೇಳಿತು ಎಂದರೆ, "ಟೀ ತರಿಸ್ಲಾ?" ಬೇಡ ಎಂದು ಎದ್ದು ಹೋದಳು. ನಾಚಿಕೆಗೇಡು. ನನ್ನ ಜನ್ಮಕ್ಕಿಷ್ಟು.

ಜೂನ್ ೭, ಶುಕ್ರವಾರ

ಬರೆಯುವಂಥದ್ದೇನೂ ಇಲ್ಲ. ಬಿಪಿ ಹೆಚ್ಚಾಗಿದೆ.

ಜೂನ್ ೧೧, ಮಂಗಳವಾರ

ಮೇಡಂ ಮರುಪರಿಶೀಲನೆ ಬೇಡ ಎನ್ನುತ್ತಿದ್ದಾರೆ. "ಹಾಜರಿ ಪುಸ್ತಕಾನೇ ಅವರ ಕಡೆ ಇದೆ ಅಮ್ಮ. ಪಾಪ, ಹತ್ತೊಂಬತ್ತು ವರ್ಷ ಆಯ್ತು, ಹುಡುಗಿಗೆ ಜ್ಞಾಪಕ ತಪ್ಪಿದೆ. ಮತ್ತೆ ಅವಳನ್ನ ಅಲ್ಲಿ ನಿಲ್ಸಿ ಸುಳ್ಳಿ ಅನ್ನಿಸೋದ್ಯಾಕೆ." ಎಲ್ಲರ ಬಾಯಲ್ಲೂ ಒಂದೇ ಮಾತು, ಹುಡುಗಿಗೆ ಜ್ಞಾಪಕ ತಪ್ಪಿದೆ. ನಾನೂ ತಲೆಯಾಡಿಸಿದೆ.

ಮನೆಯವರ ಹತ್ತಿರ ಅರ್ಧ ಹೇಳಿದೆ. ಕಚೇರಿಯಲ್ಲಿ ಒಬ್ಬರು ಹೀಗೆ ಮಾಡಿದ್ದಾರೆ ಎಂದೆ. ಅವರು ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾದರೂ ಇವತ್ತಿಗೂ ಮನೆಯೊಳಗೆ "ಮುಂದೆ ಹೋಗಿ, ಮುಂದೆ ಹೋಗಿ" ಅನ್ನುತ್ತಲೇ ಓಡಾಡುತ್ತಾರೆ.

"ಕಂಡಕ್ಟರ್ ತಪ್ಪು ಟಿಕೆಟ್ ಹರಿದುಕೊಟ್ರೆ ಏನಾಗುತ್ತೆ ಗೊತ್ತಾ? ತನಿಖೆಯೋರು ಹತ್ತಿದಾಗ ಪ್ರಯಾಣಿಕ ಸಿಕ್ಕಿಬೀಳ್ತಾನೆ. ಅವನೇ ಕಳ್ಳ ಅಂತ ಬಸ್ಸೆಲ್ಲ ತಿರುಗಿ ನೋಡುತ್ತೆ. ಕಂಡಕ್ಟರ್ ಸುಮ್ನಿದ್ರೆ ಅವನಿಗೇನೂ ಆಗಲ್ಲ."

"ಎದ್ದು ನಿಂತು ಹೇಳಿದ್ರೆ?"

"ಮೆಮೋ ಸಿಗುತ್ತೆ. ನಂಗೆ ಎರಡು ಸಿಕ್ಕಿದೆ, ಪೆಟ್ಟಿಗೇಲಿದೆ, ತೋರಿಸ್ಲಾ?" ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ, "ಆ ಒಬ್ಬರು ಯಾರು?" ಎಂದರು. ನಾನು ಸಾರು ಬಿಸಿ ಮಾಡಲು ಎದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹೀಗೇ.

ಜೂನ್ ೧೯, ಬುಧವಾರ

ಕೆಳಗಿನ ಖಾನೆಯಲ್ಲಿ ಅವಳ ಹೇಳಿಕೆಯ ನೋಟ್‌ಬುಕ್ ಸಿಕ್ಕಿತು. ಪ್ರಕರಣ ಮುಗಿದ ಮೇಲೆ ನಾನು ಆ ಪುಟಗಳನ್ನು ಹರಿದು ಹಾಕುತ್ತೇನೆ. ಇದು ಇನ್ನೂ ನಡೆಯುತ್ತಿದ್ದರಿಂದ ಉಳಿದಿದೆ. ಟೈಪ್ ಆಯಿತು ಎಂಬುದಕ್ಕೆ ಪುಟದ ಮೇಲೆ ಓರೆಯಾಗಿ ಒಂದು ಗೀಟು. ಬೇರೆಯವರ ಕಣ್ಣಿಗೆ ಇದು ಇರುವೆ ಹರಿದಾಡಿದ ಹಾಗೆ. ಕಲಿತ ಲಿಪಿ ಅರ್ಧ, ನಾನೇ ಮಾಡಿಕೊಂಡ ಗುರುತು ಅರ್ಧ.

ಊಟದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಓದಿದೆ. ನಾನು ಟೈಪ್ ಮಾಡಿದ ಹೇಳಿಕೆ ಎರಡೂವರೆ ಪುಟ. ಅವಳು ಹೇಳಿದ್ದು ಹನ್ನೊಂದು ಪುಟ. ಎಷ್ಟೋ ಕಡೆ ಮಾತು ಅರ್ಧಕ್ಕೆ ನಿಂತಿದೆ, ಎಷ್ಟೋ ಕಡೆ ಹಿಂದಿನದು ಮುಂದಾಗಿದೆ. ಅದನ್ನೆಲ್ಲ ಸಾಲಾಗಿ ಜೋಡಿಸಿದ್ದೆ. ಐದನೆಯ ಪುಟದಲ್ಲಿ ಹೀಗಿದೆ: "ಉಯ್ಯಾಲೆಗೆ ಅವತ್ತು ಬೆಳಿಗ್ಗೆ ಬಣ್ಣ ಬಳಿದಿದ್ರು, ಹಸಿರು, ಮುಟ್ಟಬೇಡಿ ಅಂದಿದ್ರು, ನಾನು ಮುಟ್ಟಿಬಿಟ್ಟೆ. ಕೈಗೆಲ್ಲ ಅಂಟ್ತು. ವಾರ್ಡನ್ ಸಾರ್ ಬಾ ಒರೆಸ್ತೀನಿ ಅಂತ ಕರ್ಕೊಂಡು ಹೋದ್ರು. ಸೀಮೆಎಣ್ಣೆ ಹಾಕಿ ಅವರೇ ಒರೆಸಿದ್ರು. ಒಂದೊಂದೇ ಬೆರಳು. ಆಮೇಲೆ ಬಾಗಿಲು ಹಾಕಿದ್ರು."

ಇಷ್ಟನ್ನೂ ಬಿಟ್ಟಿದ್ದೆ. ನನ್ನ ಟೈಪಿನಲ್ಲಿರುವುದು ಒಂದೇ ಸಾಲು: 'ನೆಪವೊಡ್ಡಿ ಕೋಣೆಗೆ ಕರೆದೊಯ್ದರು.' ಆ ಸಾಲು ಬರೆದಾಗ ನನಗೆ ಖುಷಿಯಾಗಿತ್ತು, ಎಷ್ಟು ಚಿಕ್ಕದಾಗಿ ಹೇಳಿದೆ ಎಂದು. ಆ ಖುಷಿಯನ್ನು ಹೇಗೆ ಮರೆಯಲಿ. ಊಟದ ಡಬ್ಬಿ ಹಾಗೇ ಮನೆಗೆ ವಾಪಸು ಬಂತು.

ಜೂನ್ ೨೧, ಶುಕ್ರವಾರ

ಮೇಡಂಗೆ ಹೇಳಿದೆ. ನೋಟ್‌ಬುಕ್ ಮುಂದಿಟ್ಟು, ನಿಂತುಕೊಂಡೇ, ಮೊದಲಿನಿಂದ ಕೊನೆಯವರೆಗೆ.

ಬಯ್ಯಲಿಲ್ಲ. ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. "ಅವತ್ತು ಕೇಳ್ದಾಗ ಹೂಂ ಅಂದ್ರಲ್ಲ ಅಮ್ಮ" ಎಂದರು, ಅಷ್ಟೇ. ನನಗಿಂತ ಹದಿನೈದು ವರ್ಷ ಚಿಕ್ಕವರು. ಈ ಕಚೇರಿಗೆ ಹೊಸದಾಗಿ ಬಂದಾಗ ಅರ್ಜಿ ಬರೆಯುವುದು ಹೇಗೆಂದು ಅವರಿಗೆ ಕಲಿಸಿದವಳು ನಾನು.

ಆಮೇಲೆ ಕಾಗದ ತೆಗೆದುಕೊಂಡು ಲೆಕ್ಕ ಹಾಕತೊಡಗಿದರು. ಬಣ್ಣ ಬಳಿಸಿದ್ದರೆ ಶಾಲೆಯ ದುರಸ್ತಿ ಪುಸ್ತಕದಲ್ಲಿ ಬರೆದಿರುತ್ತಾರೆ. ಆ ಪುಸ್ತಕ ತರಿಸಿ ಎಂದು ಕೇಳಬಹುದು. ತಪ್ಪು ತಾರೀಖು ನಾನು ಹಾಕಿದ್ದೆಂದು ನಾನೇ ಪ್ರಮಾಣಪತ್ರ ಕೊಡಬೇಕು. ಇನ್ನು ಹನ್ನೆರಡು ದಿನ ಇದೆ.

"ಅವಳಿಗೆ ಹೇಳಿದ್ರಾ?"

"ಇಲ್ಲ."

"ಮೊದಲು ಅಲ್ಲಿಗೆ ಹೋಗಿ."

ಜೂನ್ ೨೪, ಸೋಮವಾರ

ಎರಡು ದಿನ ರಜೆ ಎಂಬ ನೆಪ ಸಿಕ್ಕಿತ್ತು. ಇವತ್ತು ಯಾವ ನೆಪವೂ ಇರಲಿಲ್ಲ, ಹೋದೆ.

ಅವಳು ಒಬ್ಬ ಮುದುಕರ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಕೂರಿಸುತ್ತಿದ್ದಳು. "ಒತ್ತುತ್ತಾ ತಾತ? ಈಗ?" ಎಂದು ಕೇಳುತ್ತಾ, ತೆಗೆದು, ಬಗ್ಗಿಸಿ, ಮತ್ತೆ ಹಾಕುತ್ತಿದ್ದಳು. ಮುದುಕರು ಐದು ಸಲ ಒತ್ತುತ್ತೆ ಎಂದರು. ಐದು ಸಲವೂ ತೆಗೆದಳು. ನಿಮಗೆ ಸರಿಯಾಗೇ ಇದೆ ಎಂದು ಒಂದು ಸಲವೂ ಹೇಳಲಿಲ್ಲ. ನಾನು ಕಾಯುತ್ತಾ ನೋಡುತ್ತಿದ್ದೆ.

ಅಂಗಡಿಯ ಹಿಂದೆ, ಗಾಜು ಉಜ್ಜುವ ಯಂತ್ರದ ಪಕ್ಕ ನಿಂತು ಹೇಳಿದೆ. ತಾರೀಖು ನಿಂದಲ್ಲ, ನಾನು ಹಾಕಿದ್ದು. ಉಯ್ಯಾಲೆ, ಬಣ್ಣ ಎಲ್ಲ ನೀನು ಹೇಳಿದ್ದೆ, ನಾನು ತೆಗೆದೆ.

ಅವಳು ಕೋಟಿನ ಜೇಬಿನಿಂದ ಗಾಜು ಒರೆಸುವ ಬಟ್ಟೆ ತೆಗೆದು ಮತ್ತೆ ಒಳಗಿಟ್ಟಳು. "ಹಾಗಾದ್ರೆ ನಂಗೆ ಸರಿಯಾಗೇ ಜ್ಞಾಪಕ ಇತ್ತಾ?"

"ಸರಿಯಾಗೇ ಇತ್ತು ಮಗಾ."

"ಮಗಾ ಅನ್ಬೇಡಿ" ಎಂದಳು. ದನಿ ಏರಿಸದೆ ಎಂದಳು. "ಹೋದ ಭಾನುವಾರ ನಾನು ನಮ್ಮಮ್ಮನ ಹತ್ರ ಹೋಗಿ, ನೀನು ಹೇಳಿದ್ದೇ ಸರಿ, ಕನಸೇ ಇರ್ಬೇಕು ಅಂತ ಒಪ್ಕೊಂಡೆ. ಅಮ್ಮ ಎಷ್ಟು ಖುಷಿಯಾದ್ಲು ಗೊತ್ತಾ? ತಬ್ಕೊಂಡ್ಲು. ಎಷ್ಟೋ ವರ್ಷ ಆಗಿತ್ತು ಅವಳು ನನ್ನ ತಬ್ಕೊಂಡು."

ಯಂತ್ರ ಸದ್ದು ಮಾಡುತ್ತಿತ್ತು. ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ. ಕ್ಷಮೆ ಕೇಳಿದರೆ ಅದನ್ನು ಕೊಡುವ ಭಾರವೂ ಅವಳ ಮೇಲೇ ಬೀಳುತ್ತಿತ್ತು. ಮರುಪರಿಶೀಲನೆ ಹಾಕುವುದಕ್ಕೆ ಒಪ್ಪಿಗೆಯೇ ಎಂದು ಮಾತ್ರ ಕೇಳಿದೆ. "ಹಾಕಿ. ಆದ್ರೆ ಈ ಸಲ ನಾನು ಓದಿ, ನಂಗೆ ಸರಿ ಅನ್ನಿಸಿದ್ರೇ ಸೈನ್" ಎಂದಳು.

ಜುಲೈ ೧, ಸೋಮವಾರ

ಅರ್ಜಿ ಹೋಯಿತು. ಈ ಸಲ ಹನ್ನೊಂದು ಪುಟ. ಅವಳು ನನ್ನ ಪಕ್ಕದಲ್ಲೇ ಕೂತು ಒಂದೊಂದು ಸಾಲೂ ಓದಿದಳು. ಒಂಬತ್ತನೆಯ ಕಾಲಮಿನಲ್ಲಿ 'ತಾರೀಖು ಗೊತ್ತಿಲ್ಲ, ಉಯ್ಯಾಲೆಗೆ ಬಣ್ಣ ಬಳಿದ ದಿನ' ಎಂದು ಟೈಪ್ ಮಾಡಿದೆ. ಗುಮಾಸ್ತರು ನೋಡಿ, "ಏನಮ್ಮ, ನಿಮಗೂ ವಯಸ್ಸಾಯ್ತು" ಎಂದರು. ಆಯಿತು ಸ್ವಾಮಿ ಎಂದೆ.

ಮನೆಯವರಿಗೆ ಪೂರ್ತಿ ಹೇಳಿದೆ. ತಮಾಷೆ ಮಾಡಲಿಲ್ಲ, ಪಾತ್ರೆ ತಾವೇ ತೊಳೆದರು. ಅತ್ತೆ ಊಟದ ಹೊತ್ತಿನಲ್ಲಿ ಮತ್ತೆ ಕಳ್ಳನ ಕಥೆ ಹೇಳಿದರು. ಕಳ್ಳ ಓಡಿಹೋದ ಮೇಲೆ ಅವರು ಕಿಟಕಿ ಹತ್ತಿರ ಬೆಳಗಾಗುವವರೆಗೆ ಒನಕೆ ಹಿಡಿದು ನಿಂತಿದ್ದರಂತೆ, ಮಾವ ಗೊರಕೆ ಹೊಡೆಯುತ್ತಿದ್ದರಂತೆ. ಮೂವತ್ತು ವರ್ಷದಿಂದ ಈ ಕಥೆ ಕೇಳುತ್ತಿದ್ದೇನೆ, ಒನಕೆಯ ಸಂಗತಿ ಗೊತ್ತೇ ಇರಲಿಲ್ಲ. ಈಚೆಗೆ ಅತ್ತೆಗೆ ಮಾತು ಜಾಸ್ತಿಯಾಗಿದೆ.

ಜುಲೈ ೧೮, ಗುರುವಾರ

ವಿಚಾರಣೆ ಆಯಿತು. 

ಉದ್ದನೆಯ ಮೇಜು. ಆ ಕಡೆ ಸಮಿತಿಯ ಅಧ್ಯಕ್ಷೆಯಾದ ನಿವೃತ್ತ ನ್ಯಾಯಾಧೀಶೆ, ಜತೆಗೆ ಇಬ್ಬರು ಸದಸ್ಯರು. ಈ ಕಡೆ ನಾವು ಮೂವರು. ಶಾಲೆಯ ವಕೀಲರು ದುರಸ್ತಿ ಪುಸ್ತಕ ತಂದಿದ್ದರು, ತರದೆ ವಿಧಿಯಿರಲಿಲ್ಲ. ಮಾರ್ಚ್ ಇಪ್ಪತ್ತನಾಲ್ಕು, ಗುರುವಾರ, ಆಟದ ಸಾಮಾನಿಗೆ ಹಸಿರು ಬಣ್ಣ. ಪರೀಕ್ಷೆ ಮುಗಿದು ಎರಡು ದಿನವಾಗಿತ್ತು, ಮಕ್ಕಳೆಲ್ಲ ಶಾಲೆಯಲ್ಲೇ ಇದ್ದರು. ಹುಡುಗಿ ಆ ಸಾಲನ್ನು ನೋಡಿದಳು. ಮುಖದಲ್ಲಿ ಏನೂ ತೋರಿಸಲಿಲ್ಲ, ಮೇಜಿನ ಕೆಳಗೆ ಎರಡೂ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ವಕೀಲರು ಬಿಡುವವರಲ್ಲ. ಬಣ್ಣದ ಮಾತು ಮೊದಲ ಅರ್ಜಿಯಲ್ಲಿ ಇರಲಿಲ್ಲ, ಆಮೇಲೆ ಹೊಂದಿಸಿದ್ದು, ಈ ಗೀಟುಗಳನ್ನು ಯಾವಾಗ ಬೇಕಾದರೂ ಗೀಚಬಹುದು ಎಂದರು. ಅಧ್ಯಕ್ಷೆ ಒಬ್ಬ ಶಾರ್ಟ್‌ಹ್ಯಾಂಡ್ ಮೇಷ್ಟ್ರನ್ನು ಕರೆಸಿದ್ದರು. ಅವರು ನೋಟ್‌ಬುಕ್ ತಿರುಗಿಸಿ, ಹಿಂದೆ ಮುಂದೆ ಬೇರೆ ಹೇಳಿಕೆಗಳು ಸಾಲಾಗಿವೆ, ನಡುವೆ ಸೇರಿಸಿದ್ದಲ್ಲ ಎಂದರು. ಆದರೆ ಇವರ ಸ್ವಂತ ಗುರುತುಗಳು ಬಹಳ ಇವೆ, ಇವರೇ ಓದಲಿ, ನಾನು ಬೆರಳಿಟ್ಟು ನೋಡುತ್ತೇನೆ ಎಂದರು.

ಓದಿದೆ. ಅವಳ ಎದುರಿಗೇ. ಅವಳು ನಿಲ್ಲಿಸಿದ ಕಡೆಯೆಲ್ಲ ನಿಲ್ಲಿಸಿ ಓದಿದೆ, ಗುರುತಿನಲ್ಲಿ ಅದೂ ಇದೆ. 'ಒಂದೊಂದೇ ಬೆರಳು' ಎಂಬಲ್ಲಿ ನನ್ನ ಓದು ನಿಂತಿತು. ಮೇಷ್ಟ್ರ ಬೆರಳು ಅಲ್ಲೇ ಕಾಯಿತು. ಮುಂದಕ್ಕೆ ಓದಿದೆ. ಹನ್ನೊಂದು ಪುಟ ಮುಗಿದ ಮೇಲೆ ಅಧ್ಯಕ್ಷೆ ಹುಡುಗಿಯ ಕಡೆ ತಿರುಗಿ, "ಇದೇನಾ ನೀವು ಹೇಳಿದ್ದು?" ಎಂದರು.

"ಇದೇ" ಎಂದಳು.

ಆಗ ವಕೀಲರು ನನ್ನ ಕಡೆ ಬಂದರು. ಬಹಳ ಮರ್ಯಾದೆಯಿಂದ ಕೇಳಿದರು. "ಇಪ್ಪತ್ತಾರು ವರ್ಷ, ಒಂದೂ ಅರ್ಜಿ ವಾಪಸು ಬಂದಿಲ್ಲ ಅಂತ ನಿಮ್ಮ ಪ್ರಮಾಣಪತ್ರದಲ್ಲೇ ಇದೆ. ಅಂಥವರು ಸರಿಯಾಗಿ ಇದೊಂದರಲ್ಲಿ ಮಾತ್ರ ಕೈಯಾಡಿಸಿದ್ರಾ? ಇಲ್ಲಾ ಕಕ್ಷಿದಾರಳ ಮೇಲಿನ ಕನಿಕರಕ್ಕೆ ತಪ್ಪನ್ನ ನಿಮ್ಮ ಮೈಮೇಲೆ ಹಾಕ್ಕೊಳ್ತಿದ್ದೀರಾ?"

ಇದೊಂದೇ ಎಂದರೆ ಕನಿಕರಕ್ಕೆ ಹೇಳುತ್ತಿರುವ ಸುಳ್ಳು ಎನ್ನುತ್ತಾರೆ, ಹುಡುಗಿ ಮುಳುಗುತ್ತಾಳೆ. ಇದೊಂದೇ ಅಲ್ಲ ಎಂದರೆ ನಮ್ಮ ಕಚೇರಿ ಮುಳುಗುತ್ತದೆ. ಮೇಡಂ ನನ್ನನ್ನು ನೋಡುತ್ತಿದ್ದರು. ಈ ಲೆಕ್ಕವೆಲ್ಲ ಮನೆಗೆ ಬಂದ ಮೇಲೆ ಹೊಳೆದದ್ದು. ಅಲ್ಲಿ ಹೊಳೆದದ್ದು ಒಂದೇ, ಕೇಳಿದ ಪ್ರಶ್ನೆಗೆ ಉತ್ತರ ನನಗೆ ಗೊತ್ತಿದೆ ಎಂದು.

"ಇಲ್ಲ" ಅಂದೆ. "ಎಲ್ಲದರಲ್ಲೂ ತಿದ್ದಿದ್ದೀನಿ. ಒಬ್ಬರ ಮಾತನ್ನೂ ಅವರು ಹೇಳಿದ ಹಾಗೆ ಬರೆದಿಲ್ಲ."

ಮೇಡಂ ಕಣ್ಣು ಮುಚ್ಚಿಕೊಂಡರು. ಶಾಲೆಯ ವಕೀಲರು ಕೂತರು.

ಹೊರಗೆ ಮೆಟ್ಟಿಲ ಹತ್ತಿರ ಹುಡುಗಿ ನನ್ನನ್ನು ನಿಲ್ಲಿಸಿದಳು. "ನಂಗೆ ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ."

"ಹೋಗೋದು ಬೇಡ ಬಿಡು" ಅಂದೆ. ತಲೆಯಾಡಿಸಿ ಬಸ್ಸಿಗೆ ಹೋದಳು.

ಆಗಸ್ಟ್ ೫, ಸೋಮವಾರ

ಆದೇಶ ಬಂತು. ಹೇಳಿಕೆ ನಂಬಲರ್ಹ. ಶಾಲೆ ಪರಿಹಾರ ಕೊಡಬೇಕು, ಲಿಖಿತವಾಗಿ ತಪ್ಪೊಪ್ಪಿಕೊಳ್ಳಬೇಕು. ಮೇಡಂ ಫೋನಿನಲ್ಲಿ ಓದಿ ಹೇಳಿದಾಗ ಹುಡುಗಿ ಎರಡು ಸಲ ಓದಿಸಿದಳಂತೆ. ಪ್ರತಿಯನ್ನು ತನಗಲ್ಲ, ತನ್ನ ಅಮ್ಮನ ವಿಳಾಸಕ್ಕೆ ಕಳಿಸಿ ಎಂದಳಂತೆ. ಲಕೋಟೆಯ ಮೇಲೆ ಆ ವಿಳಾಸವನ್ನು ನಾನೇ ಬರೆದೆ.

ಕೊನೆಯಲ್ಲಿ ಇನ್ನೊಂದು ಸಾಲಿದೆ. ಈ ಕಚೇರಿಯ ಹಳೆಯ ಹೇಳಿಕೆಗಳಲ್ಲಿ ಯಾರಿಗಾದರೂ ಅನ್ಯಾಯವಾಗಿದ್ದರೆ ಹೊಸದಾಗಿ ಅರ್ಜಿ ಹಾಕಬಹುದು. ಮೇಡಂ ಹಳೆಯ ಫೈಲುಗಳ ಬೀರುವಿನ ಬೀಗದಕೈಯನ್ನು ನನ್ನ ಮೇಜಿನ ಮೇಲಿಟ್ಟು, "ಕೂತ್ಕೊಳ್ಳಿ, ಇಬ್ರೂ ನೋಡೋಣ" ಎಂದರು. ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ತೆಗೆದಿದ್ದರೆ ಸುಲಭವಿತ್ತು.

ಆಗಸ್ಟ್ ೭, ಬುಧವಾರ

ಇಷ್ಟು ವರ್ಷದಲ್ಲಿ ವಜಾ ಆದ ಅರ್ಜಿ ಒಟ್ಟು ಹತ್ತೊಂಬತ್ತು. ಒಂದರ ನೋಟ್‌ಬುಕ್ಕೂ ಇಲ್ಲ, ಎಲ್ಲ ಹರಿದು ಹಾಕಿದ್ದೇನೆ. ಅವರು ಏನು ಹೇಳಿದ್ದರು ಎಂಬುದು ಎಲ್ಲಿಯೂ ಇಲ್ಲ, ನಾನು ಬರೆದದ್ದು ಮಾತ್ರ ಇದೆ.

ಮೊದಲು ತೆಗೆದದ್ದು ಹನ್ನೊಂದು ವರ್ಷ ಹಿಂದಿನದು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದ ಹೆಂಗಸೊಬ್ಬರು, ಮೇಲ್ವಿಚಾರಕನ ಮೇಲೆ ದೂರು. 'ಹೇಳಿಕೆ ಯಾರೋ ಕಲಿಸಿಕೊಟ್ಟಂತೆ ಅಚ್ಚುಕಟ್ಟಾಗಿದೆ' ಎಂದು ವಜಾ ಆಗಿತ್ತು. ಆ ಸಾಲು ಓದಿ ಆಗ ನಾನು ಹೆಮ್ಮೆಪಟ್ಟಿದ್ದೆ.

ಫೈಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅವರೇ ಎತ್ತಿದರು. ನಾನು ಯಾರೆಂದು ಹೇಳಿದೆ, ಏನು ಮಾಡಿದ್ದೆನೆಂದು ಹೇಳಿದೆ, ಈಗ ಹೊಸದಾಗಿ ಅರ್ಜಿ ಹಾಕಬಹುದೆಂದು ಹೇಳಿದೆ. ಹಿಂದೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು, ಅದು ನಿಂತಿತು.

"ಅವತ್ತು ಏನೇನಾಯ್ತು ಅಂತ ಇನ್ನೊಂದು ಸಲ ಹೇಳ್ತೀರಾ?" ಎಂದು ಕೇಳಿದೆ. "ಈ ಸಲ ಹೇಳಿದ ಹಾಗೇ ಬರ್ಕೊಳ್ತೀನಿ."

ಪೆನ್ಸಿಲ್ ಹಿಡಿದು ಕಾದೆ. 

"ಅವತ್ತೇ ಹೇಳಿದ್ನಲ್ಲಮ್ಮ" ಎಂದರು.